ಹಾಳೆ ಜಾರದ ಕಿಟಕಿ

ಅಂಬೇವಾಡಿಯ ಬಡಿಗ ಪುಂಡಲೀಕನಿಗೆ ತನ್ನ ಕೆಲಸ ಅಳೆಯಲು ಒಂದು ಹಾಳೆ ಸಾಕಿತ್ತು. ಕಾಗದದ ಗಿರಣಿಯ ಊರಲ್ಲಿ ಹಾಳೆಗೇನು ಬರ? ಕಿಟಕಿ ಮುಚ್ಚುವಾಗ ಸಂದಿಗೆ ಸಿಕ್ಕಿಸಿ ಎಳೆಯುವುದು. ಹರಿದರೆ ಕೆಲಸ ಪಕ್ಕಾ, ಜಾರಿದರೆ ಹೊಸ ಕದ. ಅವನ ಹಾಳೆ ಯಾವತ್ತೂ ಜಾರಿರಲಿಲ್ಲ. ಆ ಜಂಬವೂ ಸಣ್ಣದೇನಲ್ಲ.

ಬೇಸಿಗೆಯಲ್ಲಿ ಮಧುಮತಿಬಾಯಿ ಅವನನ್ನು ಕಾರವಾರಕ್ಕೆ ಕರೆಸಿದರು. ಹಳಿಯಾಳದ ಹೆಣ್ಣುಮಗಳು, ಮದುವೆಯಾಗಿ ಬಂದಾಗಿನಿಂದ ಕಡಲ ದಂಡೆಯ ಹಳೇ ಕಟ್ಟಡದ ಮೇಲಂತಸ್ತಿನಲ್ಲೇ ಬದುಕಿದವರು. ಚಿರೆಕಲ್ಲಿನ ಗೋಡೆಗೆ ಸುಣ್ಣದ ಗಾರೆ ಮೆತ್ತಿಸಿ ಮನೆಯನ್ನು ಮೊದಲಿನ ಹಾಗೇ ಎಬ್ಬಿಸುವ ಹಟ ಅವರದು. ಉಳಿದದ್ದು ಕಡಲ ಕಡೆಯ ಕಿಟಕಿ. ಅದರ ಕದಗಳ ಬುಡ ಕೊಳೆತಿತ್ತು, ಸುತ್ತಲೂ ಸಂದಿ, ಗಾಳಿ ಬಂದರೆ ಲಟಪಟ.

“ಯಾವ ಪುಣ್ಯಾತ್ಮ ಮಾಡ್ಯಾನ್ರಿ ಇದನ್ನ?” ಎಂದು ನಕ್ಕ ಪುಂಡಲೀಕ, ದಾಂಡೇಲಿಯ ಸಾಗವಾನಿಯಲ್ಲಿ ಹೊಸ ಕದ ಮಾಡಿ ಕೂಡಿಸಿದ. ಹಾಳೆ ಹರಿಯಿತು.

ಮಳೆ ಹಿಡಿದ ಮೇಲೆ ಅವರ ಫೋನು ಬಂತು. “ಪುಂಡಲೀಕ, ಕಿಟಕಿ ತಗಿಯಾಕ ಬರವಲ್ದು. ಕಡಲ ಕಾಣವಲ್ದು, ಉಸಿರು ಕಟ್ಟಿದಂಗ ಆಗೇತಿ. ನಿನಗ ಆಗದಿದ್ರ ಹೇಳು, ಅಲ್ಯೂಮಿನಿಯಂ ಹಾಕಸ್ತೇನಿ.”

ಅಲ್ಯೂಮಿನಿಯಂ ಎಂದದ್ದೇ ಅವನ ಕಪಾಳಕ್ಕೆ ಬಾರಿಸಿದ ಹಾಗಾಯಿತು. ತನ್ನ ಕದ ಕಿತ್ತು ತಗಡು ಹಾಕಿದರೆ ಬಡಿಗನಾಗಿದ್ದು ಏನು ಬಂತು? ಸಿಕ್ಕ ಬಸ್ಸು ಹತ್ತಿದ. ಅದೇ ಮರ, ಅದೇ ಕೈ, ಅದೇ ಹಾಳೆ, ತಪ್ಪಿದ್ದೆಲ್ಲಿ?

ಕದ ಕಡಲ ಮಳೆ ಕುಡಿದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಬಡಿದು ಬಿಡಿಸಿದ. ಮೂಲೆಗೆ ಬಿದ್ದಿದ್ದ ಹಳೇ ಕದ ತಂದು ಚೌಕಟ್ಟಿಗೆ ಹಿಡಿದ. ಕೊಳೆತ ಬುಡ ಬಿಟ್ಟರೆ ಮೂರೂ ಬದಿಯ ಸಂದಿ ಒಂದೇ ಸಮ. ಸೋಮಾರಿ ಕೈ ಹೀಗೆ ಸಮನಾಗಿ ತಪ್ಪುತ್ತದೆಯೇ? ಹಾಗಾದರೆ ಮರ ಉಬ್ಬಲು ಜಾಗವಿರಲೆಂದು ಆ ಹಳೇ ಬಡಿಗ ಬೇಕೆಂದೇ ಬಿಟ್ಟನೇ? ಪುಂಡಲೀಕನಿಗೆ ಖಾತ್ರಿಯಾಗಲಿಲ್ಲ. ಬೇರೆ ದಾರಿಯೂ ಕಾಣದೆ, ತಾನೇ ಮೆಚ್ಚಿದ ಅಂಚನ್ನು ಆ ಅಳತೆಗೆ ಹೆರೆಯುತ್ತ ಕೂತ.

ಕೂಡಿಸಿ ಹಾಳೆ ಸಿಕ್ಕಿಸಿದ. ಅದು ಜಾರಿ ನೆಲಕ್ಕೆ ಬಿತ್ತು. ಕದ ಮಾತ್ರ ಒಂದೇ ಬೆರಳಿಗೆ ತೆರೆಯಿತು. ಮಧುಮತಿಬಾಯಿ ಕುರ್ಚಿ ಎಳೆದುಕೊಂಡು ಕಡಲಿಗೆ ಮುಖ ಮಾಡಿ ಕೂತರು. ಗಾಳಿ ಬೀಸಿತೆಂದು ಮುಚ್ಚಿದರೆ ಮತ್ತೆ ಲಟಪಟ.

“ಸದ್ದ ಮಾಡ್ತಾವ್ರೀ ಅವ್ವಾರ,” ಎಂದ, ತಲೆ ಎತ್ತದೆ.

“ಮಾಡ್ಲಿ ಬಿಡಪಾ. ಈ ಸದ್ದ ಇಲ್ದ ಇದು ನನ್ನ ಮನಿ ಅನಸಿದ್ದಿಲ್ಲ.”

ಅಂಬೇವಾಡಿಯಲ್ಲಿ ಇಳಿದಾಗ ಪಕ್ಕದ ಮನೆಯ ಮಲ್ಲೇಶ ಗಿರಣಿಯ ಪಾಳಿ ಮುಗಿಸಿ ಬರುತ್ತಿದ್ದ.

“ಹಾಳಿ ಹರೀತೇನೋ?”

“ಜಾರಿ ಬಿತ್ತು. ಅದನ್ನ ಮೆಚ್ಚಿದ್ರು.”

“ಅಂದ್ರ ಛಲೋ ಮಾಡಿದ್ಯೋ, ಕೆಡಿಸಿದ್ಯೋ?”

ಪುಂಡಲೀಕ ಚೀಲ ಇಳಿಸಿ ನಿಂತ. “ಆ ಹಳೇ ಬಡಿಗ್ಯಾನ್ನ ಕೇಳಬೇಕು. ಎಲ್ಲಿಂದ ತರ್ಲಿ ಅವನ್ನ?”