ಐದು ರಿಯಾಲಿನ ಸೋರೆಕಾಯಿ

ಯಾರಾದರೂ ಬೆಲೆ ಹೇಳಿದರೆ ಕೂಡಲೇ ಉತ್ತರ ಕೊಡಬೇಡಿ. ಸುಮ್ಮನೆ ವಸ್ತುವನ್ನೇ ನೋಡುತ್ತ ನಿಲ್ಲಿ. ಎದುರಿನವರಿಗೆ ಮೌನ ತಡೆಯಲಾಗುವುದಿಲ್ಲ, ತಾವಾಗಿಯೇ ಇಳಿಯುತ್ತಾರೆ. ಕತಾರ್ ಬಿಟ್ಟು ಹೊರಟವರ ಸೋಫಾ, ಕಪಾಟು, ಫ್ರಿಜ್ ಕೊಂಡು ಬಿನ್ ಒಮ್ರಾನ್‌ನ ಸಣ್ಣ ಅಂಗಡಿಯಲ್ಲಿ ಮಾರುವವನು ನಾನು. ಬರಿಗೈಯಲ್ಲಿ ಬಂದವನಿಗೆ ಅನ್ನ ಹಾಕಿದ್ದು ಈ ಮೌನ. ಅದೇ ಮೌನ ಒಂದು ಶುಕ್ರವಾರ ನನ್ನ ತಂಗಿಯ ಕೈಯ ಬಳೆ ಬಿಚ್ಚಿಸಿತು.

ಅಂದು ನಮ್ಮ ಚರ್ಚಿನ ಸಭೆಯ ಬೆಳೆಹಬ್ಬ; ಇಲ್ಲಿ ರಜೆ ಶುಕ್ರವಾರ, ಆರಾಧನೆಯೂ ಆವತ್ತೇ. ಮಂಗಳೂರು, ಉಡುಪಿ ಕಡೆಯ ನಾವು ಈ ಮರಳಿನಲ್ಲಿ ಎಲ್ಲಿಯ ಬೆಳೆ ತರುವುದು? ಆದರೂ ತರುತ್ತೇವೆ. ಬಾಲ್ಕನಿಯ ಬಸಳೆ, ಊರಿಂದ ಬಂದ ಹಲಸು, ಮನೆಯಲ್ಲಿ ಹಾಕಿದ ಉಪ್ಪಿನಕಾಯಿ. ತಂದವರ ಹೆಸರು ಬರೆಯುವ ಕ್ರಮವಿಲ್ಲ. ದೇವರಿಗೆ ಕೊಟ್ಟದ್ದಕ್ಕೆ ಚೀಟಿ ಯಾಕೆ? ಆರಾಧನೆ ಮುಗಿದ ಮೇಲೆ ಏಲಂ. ಬಂದ ಹಣ ಊರಿನ ಬಡ ರೋಗಿಗಳಿಗೆ. ಒಂದು ತೆಂಗಿನಕಾಯಿಗೆ ಇಬ್ಬರು ಹಠ ಹಿಡಿದು ಮುನ್ನೂರು ರಿಯಾಲ್‌ವರೆಗೆ ಕೂಗುವುದೂ ಉಂಟು. ಹೆಚ್ಚು ಕೂಗುವುದೇ ಅಲ್ಲಿಯ ಸ್ತೋತ್ರ.

ನನ್ನ ವ್ಯಾಪಾರದ ತಲೆಗೆ ಅದು ಹತ್ತಿರಲಿಲ್ಲ. ಚಹಾದ ಹೊತ್ತಿಗೆ, ಜೋರಾಗಿ ಕೂಗುವ ನಾಲ್ಕೈದು ಮಂದಿಯ ಹೆಗಲಿಗೆ ಕೈಹಾಕಿ, "ಆ ಸೊಟ್ಟ ಸೋರೆಕಾಯಿ ನನಗೆ ಬಿಡಿ ಮಾರಾಯ್ರೆ, ನಿಮ್ಮ ಉಪ್ಪಿನಕಾಯಿಗೆ ನಾನು ಅಡ್ಡ ಬರುವುದಿಲ್ಲ" ಅಂದೆ. ಹಳೆ ಸಾಮಾನಿನ ಹರಾಜಿನಲ್ಲಿ ನಾವು ಮಾಡುವುದೇ ಇದು. ಸೋರೆಕಾಯಿ ಮೇಲೆತ್ತಿದಾಗ ನಾನು "ಐದು" ಅಂದೆ. ಯಾರೂ ಬಾಯಿ ಬಿಡಲಿಲ್ಲ. ಮೂರು ಸಲ ಕೂಗಿದರು, ಖಲಾಸ್.

ಗೆದ್ದದ್ದನ್ನು ಕಂಕುಳಲ್ಲಿಟ್ಟು ಅಂಗಳಕ್ಕೆ ಬಂದರೆ, ತಂಗಿಯ ಗಂಡ ಎದುರು ನಿಂತಿದ್ದ.

"ಎಲ್ಲರ ಬಾಯಿ ಮುಚ್ಚಿಸಿದ್ದು ನೀನಾ?"

"ಮಾರ್ಕೆಟ್ಟಿನಲ್ಲಿ ನಾಲ್ಕಕ್ಕೆ ಸಿಗುತ್ತದೆ ಬಾವ. ಐದು ಕೊಟ್ಟದ್ದೇ ದಾನ."

ಮುಷ್ಟಿ ಬಂದದ್ದು ಕಾಣಲಿಲ್ಲ. ಮೂಗಿನೊಳಗೆ ಕಡ್ಡಿ ಮುರಿದಂಥ ಸದ್ದಾಯಿತು, ಬಾಯಿ ತುಂಬ ಬಿಸಿ ರಕ್ತ. ಸೋರೆಕಾಯಿ ಸಿಮೆಂಟಿನ ಮೇಲೆ ಬಿದ್ದು ಒಡೆಯಿತು, ಅದರ ಮೇಲೆ ನಾನು. ಪಕ್ಕೆಗೆ ಒದ್ದ. ಮತ್ತೆ ಒದ್ದ.

"ನಿನ್ನ ತಂಗಿ ಬೆಳೆಸಿದ್ದು ಅದು! ಪ್ರತಿ ಸಲ ಕೀಮೋ ಮುಗಿಸಿ ಬಂದು, ವಾಂತಿ ಮಾಡಿಕೊಂಡು, ಪೈಂಟಿನ ಬಕೆಟ್ಟಿನ ಆ ಬಳ್ಳಿಗೆ ನೀರು ಹಾಕುತ್ತಿದ್ದಳು. ಜೀವ ಉಳಿಯಿತಲ್ಲ ಅಂತ ದೇವರಿಗೆ ಕಳಿಸಿದ್ದು. ಐದು ರಿಯಾಲಾ?"

ಇದನ್ನು ಕೇಳಿದ ಮೇಲಾದರೂ ನಾನು ಬಿದ್ದಲ್ಲೇ ಇರಬೇಕಿತ್ತು. ಆದರೆ ನನಗೆ ನಾಚಿಕೆಯಾದರೆ ಸಿಟ್ಟೇ ಬರುವುದು. ಮಡಚುವ ಕಬ್ಬಿಣದ ಕುರ್ಚಿ ಕೈಗೆ ಸಿಕ್ಕಿತು, ಎದ್ದವನೇ ಬೀಸಿದೆ. ಅವನ ಹುಬ್ಬು ಬಿರಿದು ರಕ್ತ ಕಣ್ಣಿಗಿಳಿಯಿತು. ಕಣ್ಣು ಕಾಣದೆಯೇ ತಡಕಾಡಿ ನನ್ನ ಕುತ್ತಿಗೆ ಹಿಸುಕಿದ. ಹಬ್ಬದ ಬಿಳಿ ಅಂಗಿ ತೊಟ್ಟ ಇಬ್ಬರು ಸೋರೆಕಾಯಿಯ ತಿರುಳಿನಲ್ಲಿ ಜಾರಿ ಜಾರಿ ಹೊಡೆದಾಡುವುದನ್ನು ಸಂಡೇಸ್ಕೂಲ್ ಮಕ್ಕಳು ಕಣ್ಣರಳಿಸಿ ನೋಡಿದರು. ಗೇಟಿನ ಕಾವಲಿನವರು ಪೊಲೀಸರನ್ನು ಕರೆದರು.

ಆಸ್ಪತ್ರೆಯ ಕಾಗದ ಹಿಡಿದು ನಾನು ಠಾಣೆಗೆ ಬಂದಾಗ ಬಾವ ಆಗಲೇ ಒಳಕೋಣೆಯಲ್ಲಿದ್ದ. ಅನುವಾದಕ್ಕೆ ಕೂತಿದ್ದ ಮಲಯಾಳಿ ಹಿಂದಿಯಲ್ಲಿ ಕೇಳಿದ: ಮೂಳೆ ಮುರಿದಿದೆ, ಕೇಸ್ ಬೇಕಾ, ಬೇಡವಾ? ಕೇಸಾದರೆ ಬಾವನ ಡ್ರೈವರ್ ಕೆಲಸ ಹೋದಂತೆಯೇ. ಕೆಲಸ ಹೋದರೆ ಅವನೂ ತಂಗಿಯೂ ದೇಶ ಬಿಡಬೇಕು. ತಂಗಿಯ ಚಿಕಿತ್ಸೆ ಇನ್ನೂ ಪೂರ್ತಿ ಮುಗಿದಿರಲಿಲ್ಲ.

ನಾನು ಸುಮ್ಮನೆ ಕೂತೆ. ಮನಸ್ಸಿನಲ್ಲಿ ಲೆಕ್ಕಾಚಾರವೇನೂ ಇರಲಿಲ್ಲ, ಆಣೆಯಾಗಿ. ಬರೀ ಅಭ್ಯಾಸ.

ಅಷ್ಟರಲ್ಲಿ ತಂಗಿ ಅಲ್ ವುಕೈರ್‌ನ ಮನೆಯಿಂದ ಟ್ಯಾಕ್ಸಿ ಹಿಡಿದು ಬಂದಳು. ಕೂದಲಿಲ್ಲದ ತಲೆಗೆ ಬಟ್ಟೆ ಸುತ್ತಿದ್ದಳು. ನನ್ನ ಮುಖ ನೋಡಿದಳು. ಈ ಮೌನವನ್ನು ಅವಳು ಚಿಕ್ಕಂದಿನಿಂದ ಬಲ್ಲಳು. ಎರಡು ಚಿನ್ನದ ಬಳೆಗಳನ್ನು ಬಿಚ್ಚಿದಳು. ಕೈ ಅಷ್ಟು ಬಡವಾಗಿತ್ತು, ಎಳೆಯಬೇಕಾಗಲೂ ಇಲ್ಲ. ಮೇಜಿನ ಮೇಲಿಟ್ಟಳು.

"ಬಾಯಿ ಬಿಡು ಅಣ್ಣ. ಇಷ್ಟು ಸಾಕಾ, ಕಿವಿಯದ್ದೂ ಬೇಕಾ?"

ಈ ಹೊಡೆತಕ್ಕೆ ತಿರುಗಿ ಬೀಸಲು ನನ್ನ ಕೈಯಲ್ಲಿ ಕುರ್ಚಿ ಇರಲಿಲ್ಲ. ಅವಳು ಮುಷ್ಟಿ ಬಿಗಿದರೂ ಕೈ ಹಿಡಿದೆಳೆದು ಬಳೆಗಳನ್ನು ವಾಪಸ್ ನೂಕಿದೆ, ಗೆಣ್ಣು ತರಚಿ ರಕ್ತ ಬರುವ ಹಾಗೆ. "ಸಹಿ ಎಲ್ಲಿ ಹಾಕಬೇಕು?" ಅಂದೆ. ಹಾಕಿದೆ. ಬಿಡಿಗಾಸು ಕೇಳದೆ ಬಿಟ್ಟುಕೊಟ್ಟೆನಲ್ಲ ಎಂದು, ಆ ಒಡೆದ ಮೂಗಿನಲ್ಲೂ ನನಗೆ ಸ್ವಲ್ಪ ಜಂಬ.

ಮಲಯಾಳಿ ಫೈಲಿನಿಂದ ಇನ್ನೊಂದು ಕಾಗದ ತೆಗೆದು ನನ್ನದರ ಜೊತೆ ಇಟ್ಟ. "ಕುರ್ಚಿಯಲ್ಲಿ ಹೊಡೆದದ್ದಕ್ಕೆ ನಿಮ್ಮ ಮೇಲೂ ಕೇಸಾಗುತ್ತಿತ್ತು. ನಿಮ್ಮ ಬಾವ ಬಂದ ಕೂಡಲೇ ಬೇಡ ಅಂತ ಬರೆದುಕೊಟ್ಟರು."

"ಬದಲಿಗೆ ಏನು ಕೇಳಿದ?"

"ಏನೂ ಇಲ್ಲ."

ಕಾಗದದ ಮೂಲೆಯಲ್ಲಿ ಅವನ ಹುಬ್ಬಿನ ರಕ್ತ ಒಣಗಿ ಕಪ್ಪಾಗಿತ್ತು.

ನನ್ನ ಮಾತು ಕೇಳಿ: ಬಾಯಿ ಮುಚ್ಚುವುದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಬಾವನನ್ನು ಬಿಟ್ಟರು, ತಂಗಿಯ ಜೊತೆ ಹೊರಟ; ಅವರಿಬ್ಬರ ಹಿಂದೆ ಪಾರ್ಕಿಂಗ್‌ವರೆಗೆ ಓಡಿ, ಅವನ ಕಾರಿನ ಗಾಜು ತಟ್ಟಿ, "ನಿನ್ನಿಂದ ಉಪಕಾರವಾಯಿತು ಬಾವ" ಅಂದೆ.

ಗಾಜು ಇಳಿಸಿದ. "ಇನ್ನೊಮ್ಮೆ ಹೇಳು."

ಹೇಳಿದೆ.

"ಇನ್ನೊಮ್ಮೆ. ಜೋರಾಗಿ."

ಮೂರನೆಯ ಸಲ ನಾನು ಕೂಗಿದ ಮೇಲೆಯೇ ಬಾವ ನನಗೆ ಹಿಂದಿನ ಬಾಗಿಲು ತೆರೆದ.