ಡೇರೆ ಗಡ್ಡೆಗೆ ಪರವಾನಗಿ

1999ರಲ್ಲಿ ನಾನು ಶಿರಸಿ ಸೀಮೆಯ ಒಂದು ಸಾರ್ವಜನಿಕ ಉದ್ಯಾನದ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಉದ್ಯಾನದ ಹೆಸರನ್ನಾಗಲಿ ಸಾಹೇಬರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು, ಓಹೋ ಆ ಊರಿನದಾ, ಎಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಉದ್ಯಾನದಲ್ಲಿ ಒಂದು ದೊಡ್ಡ ಹುಲ್ಲುಹಾಸು, ಹೆಂಚು ಹೊದೆಸಿದ ಒಂದು ಮಂಟಪ, ಎರಡು ನಲ್ಲಿ, ದೀಪದ ವ್ಯವಸ್ಥೆ ಇದ್ದವು. ಇವುಗಳನ್ನು ಬಳಸಬೇಕೆಂದವರು ನನ್ನ ಮೇಜಿನ ಮುಂದೆ ಬರಬೇಕು. ಅರ್ಜಿ ತೆಗೆದುಕೊಳ್ಳುವುದು, ಶುಲ್ಕಕ್ಕೆ ರಸೀದಿ ಹರಿಯುವುದು, ಜಾಗ ಹಾಳಾಗದಿದ್ದರೆ ಹಿಂದಿರುಗಿಸುವ ಠೇವಣಿಯನ್ನು ಬೇರೆಯಾಗಿ ಇಡುವುದು, ಇಷ್ಟು ನನ್ನ ಕೆಲಸ. ಬೆಳಿಗ್ಗೆ ಬಂದವಳು ಮೊದಲು ಕಿಟಕಿ ತೆಗೆದು, ಹುಲ್ಲಿನ ಮೇಲೆ ಯಾರಾದರೂ ಗೂಟ ಹೊಡೆದಿದ್ದಾರೋ ಎಂದು ನೋಡಿ, ಆಮೇಲೆ ಕುಳಿತುಕೊಳ್ಳುತ್ತಿದ್ದೆ.

ವರ್ಷಕ್ಕೊಮ್ಮೆ ಯಾರ ಅರ್ಜಿಯೂ ಇಲ್ಲದೆ ಆ ಮಂಟಪ ತುಂಬುತ್ತಿತ್ತು. ಮೇ ತಿಂಗಳ ಕೊನೆಯ ಸಂತೆಯ ದಿನ, ಮಳೆ ಹಿಡಿಯುವ ಮುಂಚೆ, ಸುತ್ತಲಿನ ಹೆಂಗಸರು ಡೇರೆ ಗಡ್ಡೆ ತರುತ್ತಿದ್ದರು. ಪುಸ್ತಕದಲ್ಲಿ ಡೇಲಿಯಾ ಎಂದಿರುವ ಹೂವೇ ನಮ್ಮ ಕಡೆಯ ಡೇರೆ. ಮಳೆಗಾಲದ ಮುಂಚೆ ಗಡ್ಡೆ ಹೂಳಿದರೆ ಮಳೆ ಇಳಿಮುಖವಾಗುವಾಗ ಹೂವು. ಸಿದ್ದಾಪುರದ ಹೆಗ್ಗರಣೆಯಿಂದ, ಯಲ್ಲಾಪುರದಿಂದ, ಬನವಾಸಿಯಿಂದ ಬಸ್ಸಿಳಿದು ಬಂದವರು ಹಳೇ ಸೀರೆಯ ಗಂಟು ಬಿಚ್ಚುತ್ತಿದ್ದರು. ಮಣ್ಣು ಮೆತ್ತಿದ, ನೋಡಲು ಏನೂ ಇಲ್ಲದ ಗಡ್ಡೆಗಳು. ಬಣ್ಣವನ್ನು ಬಾಯಲ್ಲಿ ಹೇಳಬೇಕು, ಕೇಳಿದವರು ನಂಬಬೇಕು.

"ಹೋದ ವರ್ಷ ಕೆನೆ ಬಣ್ಣ ಹೇಳಿ ಕೊಟ್ಯಲೇ, ರಕ್ತಗೆಂಪು ಅರಳ್ತು! ಹಾಲಿಗೆ ಕುಂಕುಮ ಹಾಕಿದ್ಯನೇ?" ಎಂದು ಒಬ್ಬಳು ಕೇಳಿದರೆ ಇಡೀ ಮಂಟಪ ನಗುತ್ತಿತ್ತು.

ಹಣ ಮಾತ್ರ ಕೈ ಬದಲಾಗುತ್ತಿರಲಿಲ್ಲ. ದುಡ್ಡು ತೆಗೆದುಕೊಂಡು ಕೊಟ್ಟ ಗಡ್ಡೆ ಚಿಗುರುವುದಿಲ್ಲ ಎಂಬ ನಂಬಿಕೆ. ಅದಕ್ಕಿಂತ ಗಟ್ಟಿಯಾದ ಇನ್ನೊಂದು ಲೆಕ್ಕಾಚಾರ ಆ ಕೊಡುಕೊಳ್ಳುವಿಕೆಯ ಒಳಗಿತ್ತು. ನನ್ನ ಅಂಗಳದಲ್ಲಿ ನೀರು ನಿಂತು ಗಡ್ಡೆ ಕೊಳೆತರೂ, ನಾನು ಕೊಟ್ಟವಳ ಅಂಗಳದಲ್ಲಿ ಆ ಬಣ್ಣ ಉಳಿದಿರುತ್ತದೆ. ಮುಂದಿನ ಮೇ ತಿಂಗಳಲ್ಲಿ ಕೇಳಿದರೆ ಸಿಗುತ್ತದೆ.

ಭಾಗಕ್ಕನಿಗೆ ಆಗಿದ್ದು ಅದೇ. ಸಿದ್ದಾಪುರದ ಕಡೆಯ ಐವತ್ತು ದಾಟಿದ ಹೆಂಗಸು, ಹೆಸರು ಭಾಗೀರಥಿ. ಬಿಳಿ ಎಸಳಿನ ತುದಿಗೆ ನೇರಳೆ ಅಂಚು ಇದ್ದ ಒಂದು ಡೇರೆಯನ್ನು ಅವಳಿಗೆ ಅವಳ ಅಕ್ಕ ಕೊಟ್ಟಿದ್ದಳು. ಅಕ್ಕ ತೀರಿಹೋಗಿದ್ದಳು. ಹಿಂದಿನ ಮಳೆಗಾಲದಲ್ಲಿ ಆ ಗಡ್ಡೆಯೂ ಕೊಳೆತಿತ್ತು. ಆದರೆ ಕೆಲವು ವರ್ಷಗಳ ಹಿಂದೆ ಮಂಟಪದಲ್ಲಿ ಹಸಿರು ಕೊಡೆಯ ಒಬ್ಬ ಬನವಾಸಿ ಹೆಂಗಸಿಗೆ ಅದರ ಒಂದು ತುಂಡು ಕೊಟ್ಟಿದ್ದಳು. ಆಕೆಯ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ಆ ಒಂದು ದಿನದ ಗುರುತು, ಅಷ್ಟೆ.

1999ರ ಆರಂಭದಲ್ಲಿ ಒಂದು ಆರತಕ್ಷತೆಯವರು ಹುಲ್ಲುಹಾಸನ್ನು ತುಳಿದು ರಾಡಿ ಮಾಡಿಹೋಗಿದ್ದರು. ಅದಾದ ಮೇಲೆ ಹೊಸ ದರಪಟ್ಟಿ ಬಂತು. ಪರವಾನಗಿ ಇಲ್ಲದೆ ಮಂಟಪಕ್ಕೆ ಯಾರೂ ಹತ್ತುವಂತಿಲ್ಲ. ಮಾರಾಟವಾದರೆ ಇಂತಿಷ್ಟು, ಸಭೆ ಸಮಾರಂಭಕ್ಕೆ ಇಂತಿಷ್ಟು, ಪ್ರದರ್ಶನ ಮತ್ತು ಸ್ಪರ್ಧೆಗೆ ರಿಯಾಯಿತಿ. ಅರ್ಜಿದಾರರು ನೋಂದಾಯಿತ ಸಂಘವಾಗಿರಬೇಕು. ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ. ಹುಲ್ಲು ನೋಡಿದ್ದವಳಲ್ಲವೇ.

ಮೇ ಮೊದಲ ವಾರ ಭಾಗಕ್ಕ ಬಂದಳು.

"ತಂಗಿ, ಎಂತದೋ ಕಾಗದ ಕೊಡವಡ ಹೇಳಿ ಗೇಟಿನವ ಹೇಳ್ದ. ಗಡ್ಡೆ ಕೊಡದಕ್ಕೂ ಕಾಗದವಾ?"

ಅವಳನ್ನು ಸಾಹೇಬರ ಕೋಣೆಗೆ ಕರೆದುಕೊಂಡು ಹೋದೆ. ಸಾಹೇಬರು ಕೆಟ್ಟವರಲ್ಲ. ಕುರ್ಚಿ ಕೊಟ್ಟು, ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ ಅಂದರೆ ನಮ್ಮ ಪಟ್ಟಿಯಲ್ಲಿ ಅದು ಮಾರಾಟಕ್ಕೇ ಬರೋದು, ಅಮ್ಮಾ," ಎಂದರು.

"ಹಾಂಗಾರೆ ಅರಶಿನ ಕುಂಕುಮ ಕೊಟ್ರೂ ವ್ಯಾಪಾರವೇಯಾ?"

ಸಾಹೇಬರು ಮನಸಾರೆ ನಕ್ಕರು. ಆದರೆ ಮಾರಾಟದ ದರ ಕೇಳಿ ಭಾಗಕ್ಕ ನಗಲಿಲ್ಲ. ಅಷ್ಟು ಹಣವನ್ನು ಎಲ್ಲರಿಂದ ಎತ್ತಿದರೆ ಅದು ಗಡ್ಡೆಗೆ ದುಡ್ಡು ತೆಗೆದುಕೊಂಡ ಹಾಗೇ ಆಯಿತಲ್ಲ ಎಂಬುದು ಅವಳ ಚಿಂತೆ.

ದಾರಿ ಹುಡುಕಿದವರು ಸಾಹೇಬರೇ. ಊರಿನ ಒಂದು ಮಹಿಳಾ ಸಂಘದ ಅಧ್ಯಕ್ಷೆಗೆ ಫೋನು ಮಾಡಿದರು. ಸಂಘದವರು ಅರ್ಜಿ ಹಾಕಲಿ, ಡೇರೆ ಪ್ರದರ್ಶನ ಮತ್ತು ಸ್ಪರ್ಧೆ ಎಂದಿರಲಿ, ರಿಯಾಯಿತಿ ದರದಲ್ಲಿ ಮಂಜೂರು. ಅಧ್ಯಕ್ಷೆಗೆ ಬಹಳ ಖುಷಿಯಾಯಿತು.

"ಆದರೆ ಮಣ್ಣಿನ ಗಡ್ಡೆಯನ್ನು ಪ್ರದರ್ಶನ ಅಂತ ಯಾರು ಒಪ್ತಾರೆ?" ಎಂದರು ಸಾಹೇಬರು. "ಸೆಪ್ಟೆಂಬರಿನಲ್ಲಿ ಮಾಡಿ. ಹೂವಿರುತ್ತದೆ."

ನಾನು ಹೇಳಿದೆ: "ಸರ್, ಆವಾಗ ಗಡ್ಡೆಯೆಲ್ಲ ನೆಲದೊಳಗೆ ಇರ್ತದೆ. ಕೊಯ್ದ ಹೂವಿನ ದಂಟು ನೆಟ್ಟರೆ ಬೇರು ಬಿಡೋದಿಲ್ಲ. ಇವರು ಸೇರೋದೇ ಕೊಡೋದಕ್ಕೆ."

"ಕೊಡೋದು ಬಿಡೋದು ಅವರ ಖಾಸಗಿ ವಿಷಯ, ಮೇಡಂ. ನಮ್ಮ ಪರವಾನಗಿ ಅದಕ್ಕಲ್ಲವಲ್ಲ."

ನಿಯಮದ ಪ್ರಕಾರ ಅವರ ಮಾತು ಸರಿಯಾಗಿತ್ತು. ಹೊರಗೆ ಬಂದ ಭಾಗಕ್ಕ ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತ, "ಯಂಗೆ ಬಹುಮಾನ ಬೇಡ ತಂಗಿ. ಆ ಹಸಿರು ಕೊಡೆಯವಳು ಬಂದ್ರೆ ಸಾಕು," ಎಂದಳು. ಆ ಮೇ ತಿಂಗಳು ಮಂಟಪ ಖಾಲಿ ಉಳಿಯಿತು.

ಸೆಪ್ಟೆಂಬರಿನ ಪ್ರದರ್ಶನ ಚೆನ್ನಾಗಿಯೇ ಆಯಿತು. ಬಿಳಿ ಬಟ್ಟೆ ಹಾಸಿದ ಮೇಜು, ಬಾಟಲಿಗಳಲ್ಲಿ ಹೂವು, ಪ್ರತಿ ಬಾಟಲಿಗೂ ಒಂದು ನಂಬರು. ಹೂವು ನೋಡಿ ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ. ನಗು ಮಾತ್ರ ಇರಲಿಲ್ಲ. ಹೆಂಗಸರು ತಮ್ಮ ತಮ್ಮ ಬಾಟಲಿಯ ಹಿಂದೆ ಪರೀಕ್ಷೆಗೆ ಕೂತವರ ಹಾಗೆ ನಿಂತಿದ್ದರು.

ಭಾಗಕ್ಕ ಖಾಲಿ ಕೈಯಲ್ಲಿ ಬಂದಿದ್ದಳು. ಮೇಜಿನ ಉದ್ದಕ್ಕೂ ನಡೆದು ಒಂದು ಕಡೆ ನಿಂತುಬಿಟ್ಟಳು. ಬಿಳಿ ಎಸಳು, ತುದಿಯಲ್ಲಿ ನೇರಳೆ ಅಂಚು. ಸ್ವಲ್ಪ ಹೊತ್ತಿನಲ್ಲಿ ಅದಕ್ಕೇ ಮೊದಲ ಬಹುಮಾನ ಬಂತು. ಕಪ್ ತೆಗೆದುಕೊಳ್ಳಲು ಹೋದವಳ ಕಂಕುಳಲ್ಲಿ ಹಸಿರು ಕೊಡೆ.

ಅವಳು ವೇದಿಕೆ ಇಳಿದು ಬರುವುದನ್ನೇ ಕಾದು ಭಾಗಕ್ಕ ಹೇಳಿದಳು: "ಇದು ಯನ್ನ ಅಕ್ಕನ ಹೂವು. ನಿಂಗೆ ಕೊಟ್ಟವಳು ಆನೇಯಾ. ನೆನಪಾತನೇ?"

ಬನವಾಸಿಯಾಕೆ ಮುಖ ನೋಡಿದಳು, ಕಪ್ ನೋಡಿದಳು. "ಯಾರೋ ಕೊಟ್ಟಿದ್ರು ನೋಡ್ರಿ. ಭಾಳ ವರ್ಷ ಆತು, ಹ್ಯಾಂಗ ನೆನಪಿರ್ತೈತ್ರಿ?"

"ಯನ್ನತ್ರ ಇದ್ದಿದ್ದು ಕೊಳ್ತೋತು. ಒಂದು ತುಂಡು ಸಿಗ್ತಾ?"

"ಈಗ ಗಡ್ಡಿ ನೆಲದಾಗ ಐತ್ರಿ ಅಕ್ಕಾ. ಮುಂದ ನೋಡೂಣು."

ಪಕ್ಕದಲ್ಲಿದ್ದ ಅಧ್ಯಕ್ಷೆ ತಮಾಷೆಗೇ ಹೇಳಿದರು: "ಈಗಲೇ ಹಂಚಿಬಿಟ್ಟರೆ ಮುಂದಿನ ವರ್ಷ ಕಪ್ ಯಾರಿಗೆ ಹೋಗ್ತದೋ!"

ಸುತ್ತ ನಿಂತವರು ನಕ್ಕರು. ಬನವಾಸಿಯಾಕೆಯೂ ನಕ್ಕು, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಅವಳ ಹೆಸರು, ಊರು ನನ್ನ ಮೇಜಿಗೆ ಬಂದ ಸ್ಪರ್ಧಿಗಳ ಪಟ್ಟಿಯಲ್ಲಿತ್ತು. ಭಾಗಕ್ಕನಿಗೆ ಬರೆದು ಕೊಡಲು ಹೋದೆ. ಅವಳು ಚೀಟಿ ಹಿಡಿಯಲಿಲ್ಲ. "ಮನೆಗೆ ಹೋಗಿ ಬೇಡದು ಎಂತಕ್ಕೆ? ಇಲ್ಲಾದ್ರೆ ಎಲ್ಲರೂ ಗಡ್ಡೆ ತತ್ತ, ಎಲ್ಲರೂ ಕೊಡ್ತ. ಅಲ್ಲಿ ಆನೊಬ್ಳೇ ಕೈ ಚಾಚಿ ಬೇಡವು," ಎಂದಳು.

ಮರುವರ್ಷ ಮೇ ಕೊನೆಯ ಸಂತೆಯ ದಿನ ಮಂಟಪದಲ್ಲಿ ಗೃಹೋಪಯೋಗಿ ವಸ್ತುಗಳ ಮಾರಾಟ ಮೇಳ. ಪೂರ್ಣ ಶುಲ್ಕ ಕಟ್ಟಿದ ಪಕ್ಕಾ ಪರವಾನಗಿ, ಮೇಲೆ ನಾನೇ ಒತ್ತಿದ ಮೊಹರು. ಮಧ್ಯಾಹ್ನದ ಹೊತ್ತಿಗೆ ಭಾಗಕ್ಕ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಹಳೇ ಸೀರೆಯ ಗಂಟು.

"ಒಳಗೆ ಹೋಪಲೆ ಟಿಕೆಟ್ ಅಡ," ಎಂದಳು.

ನನ್ನ ಡಬ್ಬಿಯ ಅವಲಕ್ಕಿ ಹಂಚಿಕೊಂಡು ತಿಂದೆವು. ಎದ್ದು ಹೋಗುವಾಗ ಅವಳು ಗಂಟು ಬಿಚ್ಚಿ, ಬೂದಿ ಸವರಿದ ಒಂದು ಗಡ್ಡೆಯನ್ನು ನನ್ನ ಮೇಜಿನ ಮೇಲೆ ಇಟ್ಟಳು.

"ಇದು ಆ ಬನವಾಸಿಯವಳಿಗೆ ಕೊಡಲೆ ತಂದಿದ್ದು. ಹಳದಿ. ಅವಳತ್ರ ಇದ್ದಾಂಗಿಲ್ಲೆ. ಬಂದ್ರೆ ಕೊಡು."

ಬನವಾಸಿಯಾಕೆ ಬರಲಿಲ್ಲ. ಮಳೆ ಹಿಡಿದ ಮೇಲೆ ಗಡ್ಡೆಯನ್ನು ಕಚೇರಿಯ ಹಿಂದೆ, ನಲ್ಲಿಯ ಪಕ್ಕ ಹೂತೆ. ಹಳದಿಯೇ ಅರಳಿತು. ಭಾಗಕ್ಕ ಆಮೇಲೆ ಉದ್ಯಾನಕ್ಕೆ ಬರಲಿಲ್ಲ. ಪ್ರದರ್ಶನ ವರ್ಷ ವರ್ಷ ನಡೆಯಿತು, ಕಪ್ ದೊಡ್ಡದಾಯಿತು. 2006ರಲ್ಲಿ ಯಲ್ಲಾಪುರಕ್ಕೆ ವರ್ಗವಾಗಿ ಹೊರಡುವಾಗ ಕೊನೆಗೆ ಬರೆದ ಟಿಪ್ಪಣಿಯಲ್ಲೂ, ಉದ್ಯಾನದ ಯಶಸ್ವಿ ಕಾರ್ಯಕ್ರಮಗಳಲ್ಲಿ ಅದೂ ಒಂದು ಎಂದೇ ನಾನು ಬರೆಯಬೇಕಾಯಿತು. ಸುಳ್ಳೂ ಅಲ್ಲ.

ಆ ಮೇಜು ಕಲಿಸಿದ್ದು ಇಷ್ಟು. ನಾವು ಅರ್ಜಿ ತಿರಸ್ಕರಿಸಿದರೆ ಜನ ಜಗಳಕ್ಕೆ ಬರುತ್ತಾರೆ, ಮೇಲಿನವರಿಗೆ ಬರೆಯುತ್ತಾರೆ, ಕೆಲವು ಸಲ ಗೆಲ್ಲುತ್ತಲೂ ಗೆಲ್ಲುತ್ತಾರೆ. ಭಾಗಕ್ಕನಿಗೆ ನಾವು ಇಲ್ಲ ಎನ್ನಲೇ ಇಲ್ಲ. ರಿಯಾಯಿತಿ ದರದಲ್ಲಿ ಮಂಜೂರು ಮಾಡಿದೆವು. ಅವಳು ಯಾರ ಹತ್ತಿರ ಹೋಗಿ ಜಗಳವಾಡಬೇಕು?