ಅವಳ ಸಂಜೆಯ ಲೆಕ್ಕ

ನಾನು ಬಸವಕಲ್ಯಾಣದಲ್ಲಿ ಗಣಿತ ಕಲಿಸುವ ಮೇಷ್ಟ್ರು. ಗೋಡೆ ಕ್ಯಾಲೆಂಡರಿನ ಸೂರ್ಯಾಸ್ತವನ್ನು ನಂಬುವ ಜಾಯಮಾನ ನನ್ನದಲ್ಲ. ಅದು ಯಾವ ಊರಿನ ಸೂರ್ಯನೋ ಏನೋ. ನಮ್ಮೂರಿನ ಅಕ್ಷಾಂಶ, ಆ ದಿನ ಸೂರ್ಯ ದಕ್ಷಿಣಕ್ಕೋ ಉತ್ತರಕ್ಕೋ ಎಷ್ಟು ವಾಲಿದ್ದಾನೆ ಎಂಬುದು, ಇವೆರಡು ಸಿಕ್ಕರೆ ಇರುಳು ಎಷ್ಟುದ್ದ ಎಂದು ನಾನೇ ಹೇಳಬಲ್ಲೆ. ಈ ಹುಚ್ಚು ನೋಡಿ ಹೆಂಡತಿ ನಗುತ್ತಿದ್ದಳು.

ಅವಳು ಹುಮನಾಬಾದಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ದಿನಾ ಸ್ಕೂಟಿಯ ಮೇಲೆ ಹೋಗಿಬರುವುದು. ಇರುಳುಗಣ್ಣು, ವಾಸಿಯಾಗುವುದಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಎಲ್ಲರೂ ಕೆಲಸ ಬಿಡು ಎಂದರು. ಅವಳು ಜಪ್ಪಯ್ಯ ಎನ್ನಲಿಲ್ಲ.

"ಹಗಲಿನ್ಯಾಗ ಚೆಂದ ಕಾಣಸ್ತದ. ಕತ್ತಲಾಗೂ ಹೊತ್ತು ನೀವು ಹೇಳ್ರಿ, ಅಷ್ಟರಾಗ ಮನಿ ಸೇರ್ತೀನಿ" ಎಂದಳು. ನನ್ನ ಹುಚ್ಚಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಸೂರ್ಯ ಮುಳುಗಿದ ಕೂಡಲೇ ಕತ್ತಲಾಗುವುದಿಲ್ಲ. ಅವನು ದಿಗಂತದಿಂದ ಆರು ಡಿಗ್ರಿ ಕೆಳಗಿಳಿಯುವ ತನಕ ದಾರಿ ಕಾಣುತ್ತದೆ. ಆ ಆರರ ಮುಂದೆ ಋಣಚಿಹ್ನೆ ಹಾಕಿ, ಲೆಕ್ಕ ಬಿಡಿಸಿ, ಅವಳು ಹೊರಡಬೇಕಾದ ಹೊತ್ತು ಹೇಳುತ್ತಿದ್ದೆ. ಮೊದಲ ವರ್ಷ ಅದು ನಡೆಯಿತು. ಆಮೇಲೆ ಮುಸ್ಸಂಜೆಯಲ್ಲಿ ತಗ್ಗು ಕಾಣದಾಯಿತು. ಆರನ್ನು ಅಳಿಸಿ ಸೊನ್ನೆ ಮಾಡಿದೆ. ಸೂರ್ಯ ಮುಳುಗುವುದರೊಳಗೆ ಮನೆ ಸೇರಬೇಕು, ಅಷ್ಟೆ.

ನಮ್ಮ ಕಡೆ ಜನ ಸಂಕ್ರಾಂತಿಯಿಂದ ಹೊತ್ತು ಬೆಳೆಯುತ್ತದೆ ಎನ್ನುತ್ತಾರೆ. ನಿಜವಾಗಿ ನೋಡಿದರೆ, ಒಟ್ಟು ಹಗಲು ಇನ್ನೂ ಕುಗ್ಗುತ್ತಿದ್ದರೂ, ಡಿಸೆಂಬರ್ ಮೊದಲಲ್ಲೇ ಸೂರ್ಯ ಸ್ವಲ್ಪ ಸ್ವಲ್ಪ ತಡವಾಗಿ ಮುಳುಗತೊಡಗುತ್ತಾನೆ. ಅದನ್ನು ಲೆಕ್ಕದಲ್ಲಿ ತೋರಿಸಿ, "ಇನ್ನ ದಿನಾ ಸಂಜೀಕ ಬೆಳಕು ಜಾಸ್ತಿ ಸಿಗ್ತದ, ಹೆದರಬ್ಯಾಡ" ಎಂದೆ. ನನಗೆ ಅವಳಿಗಿಂತ ಹೆಚ್ಚು ಖುಷಿಯಾಗಿತ್ತು.

ಅದೇ ವಾರ ಅವಳು ಸ್ಕೂಟಿ ತಳ್ಳಿಕೊಂಡು ಬಂದಳು. ಮೊಣಕೈ ತರಚಿತ್ತು. ಓಣಿಯಲ್ಲಿ ಇನ್ನೂ ಬಿಸಿಲಿತ್ತು, ಎದುರುಮನೆಯವರು ಒಣಹಾಕಿದ ತೊಗರಿಬೇಳೆ ತೆಗೆದಿರಲಿಲ್ಲ.

"ನಿಮ್ಮ ಲೆಕ್ಕ ಖರೇನೇ ಇರಬೇಕ್ರಿ" ಎಂದಳು. "ನನಗ ಕತ್ತಲಾಯ್ತು."

ಇನ್ನು ಬರೆಯಬೇಕಾದದ್ದು ಧನಚಿಹ್ನೆ. ಸೂರ್ಯ ಇನ್ನೂ ಆಕಾಶದಲ್ಲಿರುವಾಗಲೇ ಅವಳ ರಾತ್ರಿ ಶುರು. ಬರೆದೆ. ಬರೆಯುವಾಗ ಅಳು ತಡೆಯಲಾಗಲಿಲ್ಲ. ಮರುದಿನ ಗಾಡಿಯ ಚಾವಿಯನ್ನು ಅವಳೇ ತಂದು ನನ್ನ ಕೈಗಿಟ್ಟಳು. ನಾನು ಕೇಳಿರಲಿಲ್ಲ.

ಅದಾಗಿ ಕೆಲವು ವರ್ಷಗಳಾದವು. ಸೂರ್ಯ ತನ್ನ ಪಾಡಿಗೆ ತಾನು ಹೋಗಿಬರುತ್ತಿದ್ದಾನೆ, ಅವನ ಲೆಕ್ಕದಲ್ಲಿ ತಪ್ಪಿಲ್ಲ. ಅವಳ ಹಗಲು ಮಾತ್ರ ಎರಡೂ ಕಡೆಯಿಂದ ಸವೆಯುತ್ತಾ ಬಂತು. ಎಷ್ಟು ಉಳಿದಿದೆ ಎಂದು ಎಣಿಸುವುದನ್ನು ನಾನು ಬಿಟ್ಟಿದ್ದೇನೆ.

ಮೊನ್ನೆ ಊಟವಾದ ಮೇಲೆ ಸ್ವಲ್ಪ ಅಡ್ಡಾದವಳು ಎದ್ದು ಕೂತು, "ಹೊತ್ತು ಮುಳಗ್ತೇನ್ರಿ?" ಎಂದಳು. ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತಿತ್ತು.

"ಹೂಂ, ಈಗ ಮುಳಗ್ತು" ಎಂದೆ.

"ಇವತ್ತ ಲಗೂನ ಮುಳಗ್ತಲ್ಲ" ಎನ್ನುತ್ತಾ ಗೋಡೆ ಹಿಡಿದು ದೇವರ ಜಗಲಿಯ ಕಡೆ ನಡೆದಳು. ನಾನು ಕಡ್ಡಿಪೆಟ್ಟಿಗೆ ಹುಡುಕಿ ಅವಳ ಕೈಗೆ ಕೊಟ್ಟೆ.